45 ವಾಟ್ ಆಂಪ್, 10×12 ಕೋಣೆ, ಮೂರು ಜೋಡಿ ಸ್ಪೀಕರ್: ತಾರಸಿ ಮನೆಗೊಂದು, ಹಂಚಿನ ಮನೆಗೊಂದು

ಹಾಸನದ ಹೊಸ ಬಡಾವಣೆಗಳ ಮನೆಗಳಲ್ಲಿ ಹಾಡು ಕೇಳಲು ಸಿಗುವ ಕೋಣೆ ಹೆಚ್ಚಾಗಿ 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರ. ಮೇಲೆ ಆರ್‌ಸಿಸಿ, ಕೆಳಗೆ ಗ್ರಾನೈಟ್ ಅಥವಾ ಟೈಲ್ಸ್. ಸಕಲೇಶಪುರ, ಮೂಡಿಗೆರೆ ಕಡೆಯ ಹಳೇ ಮನೆಗಳಲ್ಲೂ ಅಗಲ ಉದ್ದ ಹೆಚ್ಚುಕಡಿಮೆ ಅಷ್ಟೇ, ಆದರೆ ಮೇಲೆ ಮಂಗಳೂರು ಹಂಚು. ಒಂದೇ ಸ್ಪೀಕರನ್ನು ಈ ಎರಡು ಕೋಣೆಗಳಲ್ಲಿಟ್ಟರೆ ಎರಡು ಬೇರೆ ಕಂಪನಿಯ ಮಾಲಿನ ಹಾಗೆ ಕೇಳಿಸುತ್ತದೆ. ಹಾಗಾಗಿ ಇಲ್ಲಿ ತೀರ್ಪು ಎರಡು. ಆಂಪ್ (ಆಂಪ್ಲಿಫೈಯರ್) ಮಾತ್ರ ಒಂದೇ: ಡೆನಾನ್ ಪಿಎಂಎ-600ಎನ್‌ಇ. ಸ್ಪೀಕರ್‌ಗಳು ವಾರ್ಫ್‌ಡೇಲ್ ಡೈಮಂಡ್ 12.1, ಕ್ಯೂ ಅಕೌಸ್ಟಿಕ್ಸ್ 3020ಐ ಮತ್ತು ಎಲಾಕ್ ಡೆಬ್ಯೂ ಬಿ5.2. ಮೂರರಲ್ಲೂ ಬೇಸಿಗೆ, ಅಂದರೆ ಕೆಳಗಿನ ಸ್ವರಗಳಿಗೆ, ಐದಿಂಚಿನ ಆಸುಪಾಸಿನ ಒಂದು ವೂಫರ್, ಮೇಲಿನ ಸ್ವರಗಳಿಗೆ ಒಂದು ಟ್ವೀಟರ್.

ಮೊದಲು ಆಂಪ್. ಇದು ಒಂದೊಂದು ಚಾನೆಲ್‌ಗೆ 8 ಓಮ್‌ನಲ್ಲಿ 45 ವಾಟ್, 4 ಓಮ್‌ನಲ್ಲಿ 70 ವಾಟ್ ಕೊಡುತ್ತದೆ. ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ; ಅದು ಕಡಿಮೆಯಾದಷ್ಟೂ ಆಂಪಿಗೆ ಭಾರ. 45 ಸಾಕಾಗುತ್ತದೆಯೇ ಎಂಬುದು ಎಲ್ಲರ ಮೊದಲ ಪ್ರಶ್ನೆ. ಲೆಕ್ಕ ಹಾಕಿ ನೋಡಿ. 88 ಡೆಸಿಬಲ್ ಸೆನ್ಸಿಟಿವಿಟಿಯ ಸ್ಪೀಕರಿಗೆ 2.83 ವೋಲ್ಟ್, ಅಂದರೆ 8 ಓಮ್‌ನಲ್ಲಿ 1 ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 88 ಡೆಸಿಬಲ್ ಬರುತ್ತದೆ. ಎರಡು ಮೀಟರ್ ದೂರ ಕೂತರೆ 6 ಕಳೆಯಿರಿ, ಸ್ಪೀಕರ್ ಎರಡಿರುವುದರಿಂದ 3 ಕೂಡಿಸಿ. ಕೂತ ಜಾಗದಲ್ಲಿ 85. ಗೋಡೆಗಳಿಂದ ತಿರುಗಿ ಬರುವ ಶಬ್ದ ಇದರ ಮೇಲೆ ಬೋನಸ್. ಮನೆಯಲ್ಲಿ ಹಾಡು ಕೇಳುವ ಮಟ್ಟಕ್ಕೆ 1 ವಾಟೇ ಬೇಕಾದಷ್ಟಾಯಿತು. 45 ವಾಟ್ ಅದಕ್ಕೆ ಇನ್ನೂ 16.5 ಡೆಸಿಬಲ್ ಸೇರಿಸುತ್ತದೆ; ತನಿ ಆವರ್ತನದಲ್ಲಿ ಮೃದಂಗದ ಜೋರು ಪೆಟ್ಟು ಬಿದ್ದಾಗ ಒಡೆಯದೆ ತಡೆದುಕೊಳ್ಳುವುದಕ್ಕೆ ಆ ಮಿಗಿಲು ಬೇಕು. ಸಣ್ಣ ಕೋಣೆಗೆ 100 ವಾಟ್ ಆಂಪ್ ತಂದರೆ ಸಿಗುವ ಲಾಭ ಬರೀ ಮೂರೂವರೆ ಡೆಸಿಬಲ್. ಆ ದುಡ್ಡು ಸ್ಪೀಕರಿಗೆ ಹೋಗಲಿ.

ಮನೆಯಲ್ಲಿರುವುದು 4440 ಐಸಿ (ಆಂಪ್ ಚಿಪ್) ಬೋರ್ಡಿನ, ಇಲ್ಲೇ ಜೋಡಿಸಿದ ಆಂಪ್ ಆದರೆ ಮಾತು ಬೇರೆ. ಡಬ್ಬಿಯ ಮೇಲೆ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ವಾಟ್ ಎಂಬ ಜಾಹೀರಾತಿನ ಅಂಕಿ) ಎಂದು ಎಷ್ಟು ಸಾವಿರ ಬರೆದಿದ್ದರೂ ಸ್ಟೀರಿಯೋದಲ್ಲಿ ಆ ಐಸಿ ಕೊಡುವುದು 4 ಓಮ್‌ಗೆ ಚಾನೆಲ್‌ಗೆ 6 ವಾಟ್, ಅದೂ 10% ಡಿಸ್ಟಾರ್ಷನ್ (ಸ್ವರ ಕೆಡುವುದು) ಒಪ್ಪಿಕೊಂಡರೆ. ಅದಕ್ಕೆ ಈ ಮೂರರಲ್ಲಿ ಯಾವುದನ್ನೂ ಕಟ್ಟಬೇಡಿ. ಆಂಪ್ ಬದಲಾಯಿಸಿದ ಮೇಲೆ ಸ್ಪೀಕರ್ ನೋಡಿ.

ಈಗ ಕೋಣೆ. ಸೋಲು ಗೆಲುವು ಆಗುವುದು ಇಲ್ಲೇ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಇದನ್ನು ಮೀಟರಿನಲ್ಲಿ ಅಳೆದ ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಆ ಎರಡು ಗೋಡೆಗಳ ನಡುವೆ ಗುಂಯ್ ಎನ್ನುವ ಮೊದಲ ಫ್ರೀಕ್ವೆನ್ಸಿ (ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ, ಹರ್ಟ್ಜ್‌ನಲ್ಲಿ) ಸಿಗುತ್ತದೆ. 12 ಅಡಿಗೆ 47 ಹರ್ಟ್ಜ್, 10 ಅಡಿಗೆ 56. ನಮ್ಮ ಕೋಣೆಗಳ ತೊಂದರೆ ಏನೆಂದರೆ ಅಗಲವೂ 10, ಎತ್ತರವೂ 10. ಎರಡೂ ಒಂದೇ 56ರ ಮೇಲೆ ಕೂರುತ್ತವೆ. 10×10 ಕೋಣೆಯಾದರೆ ಮೂರಕ್ಕೆ ಮೂರೂ ಅಲ್ಲೇ. ಕಾಂಕ್ರೀಟು, ಇಟ್ಟಿಗೆ, ಗ್ರಾನೈಟ್ ಯಾವುದೂ ಈ ಬೇಸನ್ನು ನುಂಗುವುದಿಲ್ಲ. ಗೋಡೆಗೆ ಮೊಟ್ಟೆ ಟ್ರೇ ಹೊಡೆದರೂ ಅಷ್ಟೇ: 50 ಹರ್ಟ್ಜ್ ಅಲೆಯ ಉದ್ದ ಸುಮಾರು 7 ಮೀಟರ್, ಎರಡಿಂಚಿನ ರಟ್ಟಿಗೆ ಅದು ಬಗ್ಗುವುದಿಲ್ಲ.

ಹಂಚಿನ ಮನೆಯಲ್ಲಿ ಮಾಡು ಇಳಿಜಾರು, ಹಂಚು ಹಗುರ, ಸಂದುಗಳು ಬೇಕಾದಷ್ಟು. ಎಷ್ಟೋ ಮನೆಗಳಲ್ಲಿ ನಡುಗೋಡೆ ಮಾಡಿನವರೆಗೆ ಹೋಗಿರುವುದೇ ಇಲ್ಲ. ಬೇಸಿನ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಗುಂಯ್ ಕಡಿಮೆ, ತೂಕವೂ ಕಡಿಮೆ. ಮರದ ಅಟ್ಟ ಇರುವ ಕೋಣೆ ಇವೆರಡರ ನಡುವಿನದು.

ಈ ಲೆಕ್ಕ ಹಿಡಿದುಕೊಂಡು ಸ್ಪೀಕರ್‌ಗಳ ಹತ್ತಿರ ಬನ್ನಿ. ಎಲಾಕ್ ಬಿ5.2 ಕಾಗದದ ಮೇಲೆ 46 ಹರ್ಟ್ಜ್‌ವರೆಗೆ ಇಳಿಯುತ್ತದೆ. ಡೈಮಂಡ್ 65ರವರೆಗೆ, 3020ಐ 64ರವರೆಗೆ. ಅಂಕಿ ಚಿಕ್ಕದಿದ್ದಷ್ಟೂ ಮಾಲು ಒಳ್ಳೆಯದು ಎಂದು ಅಂಗಡಿಯಲ್ಲಿ ಹೇಳುತ್ತಾರೆ. ತಾರಸಿ ಕೋಣೆಯಲ್ಲಿ ಅದು ತಿರುಗುಬಾಣ. 46ಕ್ಕೆ ಇಳಿಯುವ ಸ್ಪೀಕರ್ ಕೋಣೆಯ 47 ಮತ್ತು 56ನ್ನು ನೇರವಾಗಿ ತಟ್ಟಿ ಎಬ್ಬಿಸುತ್ತದೆ. 65ರ ಹತ್ತಿರ ಕೈಬಿಡುವ ಸ್ಪೀಕರಿನಲ್ಲಿ ಆ ಕೊರತೆಯನ್ನು ಕೋಣೆಯೇ ತುಂಬಿಕೊಡುತ್ತದೆ. ಸಣ್ಣ ತಾರಸಿ ಕೋಣೆಗೆ ಬೇಸ್ ಕಡಿಮೆ ಇರುವ ಸ್ಪೀಕರೇ ಸರಿ ಎನ್ನಲು ಕಾರಣ ಇದು. ಇನ್ನೊಂದು ಎಚ್ಚರ: ವಾರ್ಫ್‌ಡೇಲ್ ಕೊಡುವ 65 ಅಂದರೆ 3 ಡೆಸಿಬಲ್ ಒಳಗಿನ ಅಂಕಿ, ಕ್ಯೂ ಅಕೌಸ್ಟಿಕ್ಸ್‌ನ 64 ಅಂದರೆ 6 ಡೆಸಿಬಲ್ ಇಳಿದ ಮೇಲಿನ ಅಂಕಿ. ಪಕ್ಕದಲ್ಲಿ ಎಷ್ಟು ಡೆಸಿಬಲ್ ಎಂದು ಬರೆಯದ ಹರ್ಟ್ಜ್ ಅಂಕಿಗಳನ್ನು ಒಂದಕ್ಕೊಂದು ಹೋಲಿಸಬೇಡಿ.

ತಾರಸಿ ಕೋಣೆಗೆ ನಮ್ಮ ಆಯ್ಕೆ 3020ಐ. ಅದರ ಜೊತೆಗೆ ಪೋರ್ಟಿಗೆ (ಬೇಸಿಗಾಗಿ ಸ್ಪೀಕರ್ ಡಬ್ಬಿಯಲ್ಲಿ ಬಿಟ್ಟ ಗಾಳಿಯ ತೂತು) ತುರುಕಲು ಫೋಮ್ ಬಿರಡೆ ಬರುತ್ತದೆ, ಆಯ್ಕೆಗೆ ದೊಡ್ಡ ಕಾರಣ ಆ ಚಿಕ್ಕ ವಸ್ತುವೇ. ಪೋರ್ಟ್ ಮುಚ್ಚಿದಾಗ ಬೇಸ್ ಇಳಿಯುವುದು ಸ್ವಲ್ಪ ಮೇಲಿನಿಂದಲೇ ಶುರುವಾಗುತ್ತದೆ, ಆದರೆ ನಿಧಾನವಾಗಿ ಇಳಿಯುತ್ತದೆ. ಕೋಣೆ ಕೊಡುವ ಏರಿಕೆಗೆ ಆ ಇಳಿಜಾರು ಚೆನ್ನಾಗಿ ಹೊಂದುತ್ತದೆ. ಮೃದಂಗದ ತೊಪ್ಪಿಯ ಗುಮ್ಕಿ ಒಂದು ಕಡೆ ನಿಲ್ಲುತ್ತದೆ, ಕೋಣೆಯೆಲ್ಲ ಹರಡುವುದಿಲ್ಲ. ಇದರ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) 6 ಓಮ್, ಕನಿಷ್ಠ 4. 4 ಓಮ್‌ಗೂ ರೇಟಿಂಗ್ ಇರುವ ಆಂಪಿಗೆ ಇದು ಭಾರವಲ್ಲ. ಆದರೆ ಊಟದ ಮನೆಗೂ ಇರಲಿ ಎಂದು ಇನ್ನೊಂದು 6 ಓಮ್ ಜೋಡಿಯನ್ನು ಅದೇ ಟರ್ಮಿನಲ್ಲಿಗೆ ಸಿಕ್ಕಿಸಿದರೆ ಎರಡೂ ಸೇರಿ 3 ಓಮ್ ಆಗುತ್ತದೆ. ಆಂಪ್ ಕಾದು ಪ್ರೊಟೆಕ್ಷನ್‌ಗೆ (ತಾನಾಗಿ ಸದ್ದು ನಿಲ್ಲಿಸುವ ಸ್ಥಿತಿಗೆ) ಹೋಗುವುದು ಹೀಗೆ.

ಡೈಮಂಡ್ 12.1 ಅದಕ್ಕಿಂತ ಮೆದು ಸ್ವಭಾವದ್ದು. ಸೆನ್ಸಿಟಿವಿಟಿ ಇದರದ್ದೂ 88. ಗ್ರಾನೈಟ್ ನೆಲ, ಬೋಳು ಗೋಡೆ ಇರುವ ಕೋಣೆಯಲ್ಲಿ ಸಕಾರ, ಷಕಾರಗಳು ಕಿವಿಗೆ ಚುಚ್ಚುತ್ತವಲ್ಲ, ಅಲ್ಲಿ ಇದು ಹಿತ. ಹೆಂಗಸರ ದನಿ, ವೀಣೆ, ಭಾವಗೀತೆ ಹೆಚ್ಚು ಕೇಳುವವರು ಇದನ್ನೇ ಆರಿಸಿಕೊಳ್ಳಲಿ. ಪೋರ್ಟ್ ಹಿಂದಿದೆ.

ಎಲಾಕ್ ಹಂಚಿನ ಮನೆಗೆ. ಅಲ್ಲಿ ಇದರ ಆಳ ವ್ಯರ್ಥವಾಗುವುದಿಲ್ಲ, ಹೊರಗೆ ಸೋರಿಹೋಗುವ ಬೇಸನ್ನು ತುಂಬುವಷ್ಟು ಇದರ ಹತ್ತಿರ ಇದೆ. ಸೆನ್ಸಿಟಿವಿಟಿ 86, ಅಂದರೆ ಅದೇ ಸದ್ದಿಗೆ ಆಂಪಿನ ನಾಬ್ ಸ್ವಲ್ಪ ಹೆಚ್ಚು ತಿರುಗಿಸಬೇಕು. ಪೋರ್ಟ್ ಮುಂದಿರುವುದರಿಂದ ಗೋಡೆಗೆ ಒತ್ತಿ ಇಡಬಹುದು ಎಂಬ ಮಾತು ಅರ್ಧ ನಿಜ. ಪೋರ್ಟ್ ಕಟ್ಟಿಕೊಳ್ಳುವುದಿಲ್ಲ ನಿಜ. ಗೋಡೆ ಬೇಸನ್ನು ಹೆಚ್ಚಿಸುವುದು ಮಾತ್ರ ತಪ್ಪುವುದಿಲ್ಲ. ಮಳೆಗಾಲದಲ್ಲಿ ಹಂಚಿನ ಮೇಲೆ ಮಳೆ ಹೊಡೆಯುವಾಗ ಸಣ್ಣ ದನಿಗಳು ಮುಳುಗುತ್ತವೆ, ಅದಕ್ಕೆ ಯಾವ ಸ್ಪೀಕರೂ ಮದ್ದಲ್ಲ.

ಮೂರರಲ್ಲಿ ಯಾವುದನ್ನು ತಂದರೂ ಗೋಡೆಯ ಶೋಕೇಸಿನೊಳಗೆ ಇಡಬೇಡಿ. ನಮ್ಮ ಮನೆಗಳಲ್ಲಿ ಒಳ್ಳೆಯ ಸ್ಪೀಕರ್ ಹಾಳಾಗಿ ಕೇಳಿಸುವುದಕ್ಕೆ ಇದೇ ಮೊದಲ ಕಾರಣ. ಗೂಡು ತಾನೇ ಇನ್ನೊಂದು ಡಬ್ಬಿಯಾಗಿ ಗಂಡಸರ ದನಿಯನ್ನು ಕೊಡದೊಳಗಿಂದ ಮಾತಾಡಿದ ಹಾಗೆ ಮಾಡುತ್ತದೆ. ಹಾಸನ ಆಕಾಶವಾಣಿಯ ಉದ್ಘೋಷಕರ ಮಾತು ಹಾಕಿ ಕೇಳಿ, ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

10 ಅಡಿಯ ಗೋಡೆಯ ಕಡೆ ಸ್ಪೀಕರ್ ಇಟ್ಟು 12 ಅಡಿಯ ಉದ್ದಕ್ಕೆ ಮುಖ ಮಾಡಿಸಿ. ಸ್ಪೀಕರಿನ ಮುಖ ಅದರ ಹಿಂದಿನ ಗೋಡೆಯಿಂದ 1 ಅಡಿ 9 ಇಂಚು, ಪಕ್ಕದ ಗೋಡೆಯಿಂದ ಎರಡೂವರೆ ಅಡಿ. ಆಗ ಎರಡು ಸ್ಪೀಕರುಗಳ ನಡುವೆ 5 ಅಡಿ ಉಳಿಯುತ್ತದೆ. ಹಿಂದಿನ ಅಂತರ, ಪಕ್ಕದ ಅಂತರ ಒಂದೇ ಆಗಬಾರದು. ಎರಡೂ 2 ಅಡಿ ಇದ್ದರೆ ಎರಡು ಗೋಡೆಗಳೂ ಸೇರಿ 140 ಹರ್ಟ್ಜ್ ಆಸುಪಾಸಿನ ಸ್ವರವನ್ನೇ ಕಚ್ಚಿ ತೆಗೆಯುತ್ತವೆ, ದನಿ ತೆಳ್ಳಗಾಗುತ್ತದೆ. ಕುರ್ಚಿಯನ್ನು ಹಿಂಬದಿ ಗೋಡೆಗೆ ಆನಿಸಬೇಡಿ, ಬೇಸ್ ಅಲ್ಲಿ ಅತಿ ಹೆಚ್ಚು. ಕೋಣೆಯ ನಟ್ಟನಡುವೆಯೂ ಬೇಡ, 47 ಹರ್ಟ್ಜ್ ಅಲ್ಲಿ ಕೇಳಿಸುವುದೇ ಇಲ್ಲ. ನಿಮ್ಮ ಹಿಂದಿನ ಗೋಡೆಯಿಂದ ಕಿವಿಗೆ ನಾಲ್ಕರಿಂದ ನಾಲ್ಕೂವರೆ ಅಡಿ ಇರಲಿ. ಪಿಟಿಪಿಟಿ ಎನ್ನುವ ಸದ್ದು ಬಂದರೆ ಸ್ಪೀಕರನ್ನು ಅನುಮಾನಿಸುವ ಮೊದಲು ಕಬ್ಬಿಣದ ಬೀರುವಿನ ಬಾಗಿಲು, ಕಿಟಕಿ ಗಾಜು ಒತ್ತಿ ಹಿಡಿದು ನೋಡಿ. ಸ್ಪೀಕರಿಗೂ ಕುರ್ಚಿಗೂ ನಡುವೆ ನೆಲಕ್ಕೆ ದಪ್ಪನೆಯ ಜಮಖಾನ ಹಾಸಿ. ಬೇಸಿಗೆ ಏನೂ ಆಗದು, ಮೇಲಿನ ಸ್ವರಗಳ ಚುರುಕು ತಗ್ಗುತ್ತದೆ.

ಸ್ಟ್ಯಾಂಡಿಗೆ ಗ್ರಿಲ್ ಕೆಲಸದವರ ಹತ್ತಿರ ಹೋಗಿ. ನೆಲದಿಂದ ಕೂತಾಗಿನ ಕಿವಿಯ ಎತ್ತರ ಅಳೆದು, ಸ್ಪೀಕರಿನ ತಳದಿಂದ ಟ್ವೀಟರ್ ನಡುವಿನವರೆಗಿನ ಅಳತೆ ಕಳೆಯಿರಿ. ಕಿವಿ 38, ಟ್ವೀಟರ್ 10 ಇದ್ದರೆ ಸ್ಟ್ಯಾಂಡ್ 28 ಇಂಚು. 4 ಇಂಚಿನ ಚೌಕ ಪೈಪ್, ಕೆಳಗೆ 12×12 ಇಂಚಿನ ದಪ್ಪ ತಗಡು, ಮೇಲೆ ಸ್ಪೀಕರಿನ ತಳದಷ್ಟೇ ತಗಡು. ಮೇಲಿನದನ್ನು ಬೆಸೆಯುವ ಮೊದಲೇ ಅದರಲ್ಲಿ ಒಂದು ತೂತು ಹೊಡೆಸಿ. ಬೆಸುಗೆ ಆರಿದ ಮೇಲೆ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದ ಮರಳನ್ನು ಅದರಿಂದ ತುಂಬಿ. ಹಸಿ ಮರಳು ತುಂಬಿದರೆ ಒಳಗಿಂದ ತುಕ್ಕು. ತಗಡಿಗೂ ಸ್ಪೀಕರಿಗೂ ನಡುವೆ ನಾಲ್ಕು ರಬ್ಬರ್ ತುಂಡು.

ವೈರಿಗೆ ದುಬಾರಿ ಮಾಲು ಬೇಡ. 2.5 ಚದರ ಮಿಲಿಮೀಟರಿನ, ಎಳೆ ಎಳೆಯಾದ ತಾಮ್ರದ ವೈರ್ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಸಿಗುತ್ತದೆ. 3 ಮೀಟರ್ ಹೋಗಿ ಬರುವ ದಾರಿಗೆ ಅದರ ರೆಸಿಸ್ಟೆನ್ಸ್ 0.04 ಓಮ್ ಆಸುಪಾಸು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೊಟ್ಟುಬಿಡುತ್ತಾರೆ, ತುದಿ ಕೆರೆದು ನೋಡಿ, ಒಳಗೆ ಬಿಳಿ ಕಂಡರೆ ವಾಪಸ್ ಕೊಡಿ. ಎರಡರಲ್ಲಿ ಒಂದು ಸ್ಪೀಕರಿನ ಪ್ಲಸ್ ಮೈನಸ್ ಅದಲುಬದಲಾದರೆ ಬೇಸ್ ಮಾಯವಾಗಿ ಹಾಡುವವರ ದನಿ ನಡುವೆ ನಿಲ್ಲದೆ ಚೆದುರುತ್ತದೆ. ಹಳೇ ವೈರಿನಲ್ಲಿ ಗುರುತು ಅಳಿಸಿದ್ದರೆ ಆಂಪಿನ ತುದಿಯನ್ನು ಬಿಚ್ಚಿ, ಅಲ್ಲಿಗೆ 1.5 ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸಿ. ವೂಫರ್ ಮುಂದೆ ಬಂದರೆ ಸೆಲ್ಲಿನ ಪ್ಲಸ್ ತಾಗಿದ ಎಳೆಯೇ ಪ್ಲಸ್.

ಕರೆಂಟ್ ಹೋಗಿ ಇನ್ವರ್ಟರ್ ಹತ್ತಿಕೊಂಡಾಗ ಆಂಪ್ ಗುರ್ ಎಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್. ಆಂಪಿನ ಟ್ರಾನ್ಸ್‌ಫಾರ್ಮರ್ ಒದ್ದಾಡುವ ಸದ್ದು ಅದು. ಸೈನ್ ವೇವ್ ಇನ್ವರ್ಟರೇ ಬೇಕು. ಮಾರ್ಚ್, ಏಪ್ರಿಲ್‌ನ ಹೂಮಳೆ ಗುಡುಗಿನೊಂದಿಗೆ ಬರುವ ಮೊದಲೇ ಪ್ಲಗ್ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು.

ಕೊಳ್ಳುವ ಮೊದಲು ಬೆಂಗಳೂರಿನ ಡೆಮೊ ಕೋಣೆಯಲ್ಲಿ ಕೇಳುವುದಾದರೆ ಮೊಬೈಲಿನ ಡೆಸಿಬಲ್ ಆಪ್ ಇಟ್ಟುಕೊಂಡು ಮೂರನ್ನೂ ಒಂದೇ ಮಟ್ಟಕ್ಕೆ ತನ್ನಿ. 86ರ ಎಲಾಕ್, 88ರ ಇನ್ನೆರಡು ಒಂದೇ ನಾಬ್ ಜಾಗದಲ್ಲಿ ನುಡಿದರೆ ಜೋರಾಗಿ ಕೇಳಿಸಿದ್ದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಅಂಗಡಿಯ ಹಾಲ್ ನಿಮ್ಮ ಕೋಣೆಗಿಂತ ದೊಡ್ಡದು, ಅಲ್ಲಿ ಬೇಸ್ ಸಾಲದು ಅನ್ನಿಸಿದ್ದು ಹಾಸನದ ತಾರಸಿ ಕೋಣೆಗೆ ಸರಿಯಾಗಿಯೇ ಇರಬಹುದು. ವಾರದೊಳಗೆ ಬದಲಾಯಿಸಿಕೊಡುತ್ತೇವೆ ಎಂದು ಬಿಲ್ಲಿನ ಮೇಲೆ ಬರೆಸಿಕೊಂಡೇ ದುಡ್ಡು ಕೊಡಿ.

ಮಲೆನಾಡಿನ ಕಡೆಯವರಿಗೆ ಇನ್ನೊಂದು. ಕೆಲವು ದಿನ ಸುಮ್ಮನಿಟ್ಟ ಸ್ಪೀಕರಿನ ಪೋರ್ಟಿನಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟುತ್ತದೆ, ವೈರ್ ಸಿಕ್ಕಿಸುವ ಬನಾನಾ ಪ್ಲಗ್ಗಿನ ತೂತನ್ನೂ ಬಿಡುವುದಿಲ್ಲ. ಊರಿಗೆ ಹೋಗುವಾಗ ಪೋರ್ಟಿಗೆ ಫೋಮ್ ತುರುಕಿ ಹೋಗಿ. ಮಳೆಗಾಲ ಮುಗಿದ ಮೇಲೆ ವೈರಿನ ಹಸಿರುಗಟ್ಟಿದ ತುದಿ ಕತ್ತರಿಸಿ, ಅರ್ಧ ಇಂಚು ಹೊಸದಾಗಿ ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆದು ಸಿಕ್ಕಿಸಿ. ಒಂದು ಎಳೆ ಹೊರಗುಳಿದು ಪಕ್ಕದ ಟರ್ಮಿನಲ್ಲಿಗೆ ತಾಗಿದರೂ ಆಂಪ್ ಶಾರ್ಟ್ ಆಗುತ್ತದೆ.