ಮೂರು ಮಳೆಗಾಲ ಕಂಡ ನಮ್ಮನೆ ಗಾಳಿದೀಪ

ಸಂಜೆ ಗಾಳಿ ಎದ್ದರೆ ನಮ್ಮ ಅಂಗಳದಾಚೆ ಪಡುವಣ ಮೂಲೆಯಲ್ಲಿ ಮೊದಲು ಒಂದು ಕೆಂಪು ಚುಕ್ಕೆ ಮಿಣುಕುತ್ತದೆ. ಗಾಳಿ ಜೋರಾದರೆ ಅದರ ಮೇಲೊಂದು ಬಿಳಿ ದೀಪ ಹತ್ತುತ್ತದೆ. ಬ್ಯಾಟರಿ ಇಲ್ಲ, ಮನೆ ಕರೆಂಟಿನ ವೈರ್ ಇಲ್ಲ. ಒಂದು ಗಿರಿಗಿಟ್ಟಲೆ, ಹಳೇ ಪ್ರಿಂಟರಿನ ಮೋಟಾರು, ನಾಲ್ಕು ಎಲ್‌ಇಡಿ, ಅಷ್ಟೇ. 2022ರ ಮೇ ತಿಂಗಳಲ್ಲಿ ನಾನೇ ಮಾಡಿ ನಿಲ್ಲಿಸಿದೆ. ತೀರ್ಥಹಳ್ಳಿ ತಾಲ್ಲೂಕಿನ ಮೂರು ಮಳೆಗಾಲವನ್ನು ಅದು ಕಂಡಿದೆ. ಹಾಗಾಗಿ ಈಗ ಧೈರ್ಯವಾಗಿ ಬರೆಯಬಹುದು ಅನಿಸಿತು.

ಮೊದಲು ಅಂಗಳಕ್ಕೆ ಅಂತ ಸೋಲಾರ್ ದೀಪ ತಂದಿದ್ದೆ. ಬೇಸಿಗೆಯಲ್ಲಿ ಚೆನ್ನಾಗಿಯೇ ಉರಿದವು. ಆರಿದ್ರಾ ಮಳೆ ಹಿಡಿದ ಮೇಲೆ ಏಳು ಗಂಟೆಗೆ ಹತ್ತಿ ಏಳೂಕಾಲಿಗೆ ಆರುತ್ತಿದ್ದವು. ವಾರಗಟ್ಟಲೆ ಬಿಸಿಲೇ ಬೀಳದಿದ್ದರೆ ಅವು ತಾನೆ ಏನು ಮಾಡಿಯಾವು? ನಮಗೆ ದೀಪ ಬೇಕಾಗುವುದೇ ಆ ನಾಲ್ಕು ತಿಂಗಳು. ಆಗ ಬಿಸಿಲಿಗೆ ಬರ, ಗಾಳಿಗೆ ಬರವಿಲ್ಲ.

ಗಿರಿಗಿಟ್ಟಲೆಗೆ ಆರು ಇಂಚಿನ ಪಿವಿಸಿ ಪೈಪ್ ಎರಡು ಅಡಿ ತಗೊಂಡು ಉದ್ದಕ್ಕೆ ಸೀಳಿದೆ. ಎರಡು ಹೋಳನ್ನೂ ಎದುರುಬದುರಾಗಿ, ಸ್ವಲ್ಪ ಒಂದರೊಳಗೊಂದು ಸರಿಸಿ ನಿಲ್ಲಿಸಿದರೆ ಮೇಲಿಂದ ನೋಡಲು ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಕಾಣುತ್ತದೆ. 1920ರ ದಶಕದಲ್ಲಿ ಫಿನ್ಲೆಂಡಿನ ಸಿಗುರ್ಡ್ ಸವೋನಿಯಸ್ ಎಂಬುವರು ಕಂಡುಹಿಡಿದ ವಿನ್ಯಾಸ ಇದು. ಗಾಳಿ ಯಾವ ದಿಕ್ಕಿನಿಂದ ಬಂದರೂ ತಿರುಗುತ್ತದೆ. ಗುಡ್ಡದ ಸಂದಿಯಲ್ಲಿ ಗಾಳಿ ಗಳಿಗೆಗೊಂದು ಕಡೆ ತಿರುಗುವ ನಮ್ಮಂಥ ಜಾಗಕ್ಕೆ ಹೇಳಿ ಮಾಡಿಸಿದ್ದು.

ಮೋಟಾರು ಶಿವಮೊಗ್ಗದ ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಸ್ಟೆಪ್ಪರ್ ಮೋಟಾರು, ನಾಲ್ಕು ವೈರಿನದು. ಒಳಗೆ ಎರಡು ಸುರುಳಿ ಇರುತ್ತವೆ. ಯಾವ ಎರಡು ವೈರ್ ಒಂದು ಜೋಡಿ ಅಂತ ತಿಳಿಯಲು ಮೀಟರ್ ಬೇಕಿಲ್ಲ. ಎರಡು ವೈರಿನ ತುದಿ ಸೇರಿಸಿ ಹೊಸೆದು ಮೋಟಾರಿನ ಕಡ್ಡಿಯನ್ನು ಬೆರಳಲ್ಲಿ ತಿರುಗಿಸಿ ನೋಡಿ. ಜೋಡಿ ಸರಿಯಾಗಿದ್ದರೆ ಯಾರೋ ಒಳಗಿಂದ ಹಿಡಿದುಕೊಂಡ ಹಾಗೆ ಬಿಗಿಯಾಗುತ್ತದೆ. ಬಿಡಿಸಿದರೆ ಮತ್ತೆ ಸಡಿಲ. ಅವತ್ತು ಜಗಲಿ ಮೇಲೆ ಕೂತು ಅದನ್ನೇ ಎಷ್ಟೋ ಸಲ ಮಾಡಿದೆ. ಬೆರಳಿಗೆ ಕರೆಂಟ್ ಹುಟ್ಟುವುದು ಗೊತ್ತಾಗುತ್ತದೆ ಅಲ್ವಾ, ಆ ಖುಷಿಯೇ ಬೇರೆ.

ಒಂದು ಸುರುಳಿಗೆ ಎರಡು ಕೆಂಪು ಎಲ್‌ಇಡಿ, ಇನ್ನೊಂದಕ್ಕೆ ಎರಡು ಬಿಳಿ. ಪ್ರತಿ ಜೋಡಿಯಲ್ಲೂ ಎರಡೂ ಕಡೆ ಒಂದರ ಉದ್ದ ಕಾಲಿಗೆ ಇನ್ನೊಂದರ ಗಿಡ್ಡ ಕಾಲು ಸೇರಿಸಿದೆ. ಮೋಟಾರಿನಿಂದ ಬರುವುದು ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್. ಹೀಗೆ ಜೋಡಿಸಿದರೆ ಒಂದಾದ ಮೇಲೊಂದು ಉರಿಯುತ್ತವೆ, ಒಂದನ್ನೊಂದು ಕಾಪಾಡುತ್ತವೆ ಕೂಡ. ಕೆಂಪಿಗೆ ಸುಮಾರು 2 ವೋಲ್ಟ್ ಸಾಕು, ಬಿಳಿಗೆ 3ರ ಹತ್ತಿರ ಬೇಕು. ಅದಕ್ಕೇ ಮೊದಲು ಕೆಂಪು, ಆಮೇಲೆ ಬಿಳಿ. ಮೊದಲ ವರ್ಷ ಕರೆಂಟಿಗೆ ತಡೆ ಒಡ್ಡುವ ರೆಸಿಸ್ಟರ್ ಹಾಕಿರಲಿಲ್ಲ. ಒಂದು ಬಿರುಗಾಳಿಗೆ ಬಿಳಿ ಎರಡೂ ಸುಟ್ಟವು. ಈಗ ಎರಡೂ ಕಡೆ 100 ಓಮ್‌ದು ಇದೆ.

ಜಾಗ ಆರಿಸುವಾಗ ನಾನು ತಪ್ಪು ಮಾಡಿದ್ದೆ. ಚಂದ ಕಾಣಲಿ ಅಂತ ತೋಟದ ಬಾವಿ ಪಕ್ಕ ನಿಲ್ಲಿಸಿದೆ. ಸುತ್ತ ಅಡಿಕೆ ಮರ, ಗಾಳಿ ಮೇಲೆ ಮೇಲೆ ಹೋಗುತ್ತದೆ, ಕೆಳಗೆ ಒಂದು ಎಲೆ ಅಲ್ಲಾಡುವುದಿಲ್ಲ. ಗಾಳಿಯ ವೇಗ ಎರಡರಷ್ಟಾದರೆ ಅದರ ಶಕ್ತಿ ಎಂಟರಷ್ಟಾಗುತ್ತದೆ. ಹಾಗಾಗಿ ಇಲ್ಲಿ ಜಾಗವೇ ಮುಖ್ಯ. ಅಲ್ಲಿಂದ ಕಿತ್ತು ಅಂಗಳದಾಚೆ ಬ್ಯಾಣದ (ಹುಲ್ಲುಗಾವಲಿನ) ಅಂಚಿಗೆ ತಂದ ದಿನವೇ ಬಿಳಿ ದೀಪ ಹತ್ತಿತು.

ಗಾಳಿಗಿಂತ ಜಾಸ್ತಿ ಕಾಡಿದ್ದು ನೀರು. ಪೈಪಿನ ಹೋಳುಗಳನ್ನು ಹಿಡಿದಿಡಲು ಮೇಲೆ ಕೆಳಗೆ ಬಿಲ್ಲೆಗೆ ಹಾಕಿದ್ದ ಪ್ಲೈವುಡ್ ಪುಷ್ಯ ಮಳೆ ಹೊತ್ತಿಗೆ ಹಪ್ಪಳದ ಹಾಗೆ ಉಬ್ಬಿ ಬಿಚ್ಚಿಕೊಂಡಿತು. ಅಮ್ಮ ಅಟ್ಟದಿಂದ ಹಳೇ ಅಲ್ಯೂಮಿನಿಯಂ ಮುಚ್ಚಳ ಎರಡು ತೆಗೆದುಕೊಟ್ಟರು, ಅವೇ ಇವತ್ತಿಗೂ ಇವೆ. ಅಡಿಕೆ ಮರದ ಕಂಬ ಮರುವರ್ಷ ಬುಡದಲ್ಲಿ ಕುಂಬಾಗಿತ್ತು, ಈಗ ಜಿಐ (ಸತು ಬಳಿದ ಕಬ್ಬಿಣದ) ಪೈಪು. ಬೇರಿಂಗ್ ಎರಡು, 608 ಅನ್ನುವ ಸೈಜು. ಅಂಗಡಿಯವರು ತಗಡಿನ ಮುಚ್ಚಳದ್ದು ಕೊಟ್ಟಿದ್ದರು, ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಕಚ್ಚಿಕೊಂಡಿತು. 2ಆರ್‌ಎಸ್ ಅಂತ ಬರೆದಿರುವ, ರಬ್ಬರ್ ಮುಚ್ಚಳದ್ದನ್ನೇ ಕೇಳಿ ತನ್ನಿ. ವೈರಿನ ಗಂಟಿಗೆ ಟೇಪ್ ಸುತ್ತಿದರೆ ಸಾಲದು. ಬಿಚ್ಚಿ ನೋಡಿದಾಗ ತಾಮ್ರ ಪೂರ್ತಿ ಹಸಿರು ಕಿಲುಬು. ಬೆಸುಗೆ ಹಾಕಿ ಮೇಲೆ ಎಪಾಕ್ಸಿ ಅಂಟು ಬಳಿದ ಮೇಲೆ ಆ ತೊಂದರೆ ಹೋಯಿತು. ದೀಪಗಳು ಬೋರಲು ಹಾಕಿದ ಉಪ್ಪಿನಕಾಯಿ ಬಾಟಲಿಯೊಳಗಿವೆ, ಬಾಯಿ ತೆರೆದೇ ಇದೆ. ಮುಚ್ಚಿದರೆ ಒಳಗೇ ಬೆವರುತ್ತದೆ.

ವರ್ಷಕ್ಕೊಮ್ಮೆ ಹಾವಸೆಯನ್ನು ಕತ್ತದಿಂದ ತಿಕ್ಕುತ್ತೇನೆ. ಬೇರೆ ಉಪಚಾರ ಇಲ್ಲ.

ಚಳಿಗಾಲದ ರಾತ್ರಿ ಇದು ಉರಿಯುವುದಿಲ್ಲ. ಮಾಘದ ಚಳಿಯಲ್ಲಿ ಗಾಳಿಯೇ ನಿಂತಿರುತ್ತದೆ. ದಾರಿಗೆ ಬೆಳಕಾಗಲಿ ಅಂತ ಮಾಡುವವರು ಬೇರೆ ಏನಾದರೂ ನೋಡಿಕೊಳ್ಳಿ. ಇದು ನೋಡುವ ದೀಪ.

ಎರಡನೇ ವರ್ಷ ಬೆಳಕು ನಿಲ್ಲಲಿ ಅಂತ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಹಾಕಿ, ಅದನ್ನು ಕೂಡಿಟ್ಟುಕೊಳ್ಳುವ 1 ಫ್ಯಾರಡ್‌ನ ಕೆಪಾಸಿಟರ್ ಸೇರಿಸಿದೆ. ಗಾಳಿ ನಿಂತರೂ ದೀಪ ಮೆಲ್ಲಗೆ ಕಂತುತ್ತಿತ್ತು, ನನಗೆ ಬಹಳ ಹಿಡಿಸಿತ್ತು. ಅಪ್ಪಯ್ಯ ಮೂರು ದಿನ ನೋಡಿ, "ಮಾರಾಯ, ಈಗ ಗಾಳಿ ಇದೆಯೋ ಇಲ್ಲವೋ ಗೊತ್ತೇ ಆಗೋದಿಲ್ಲ. ಮೊದಲಿನ ಹಾಗೇ ಮಾಡು" ಅಂದರು. ಆಗಲೇ ನನಗೆ ತಿಳಿದದ್ದು, ಅವರು ದಿನಾ ಮಲಗುವ ಮುಂಚೆ ಜಗಲಿಯಿಂದ ಅದನ್ನು ನೋಡುತ್ತಾರೆ ಅಂತ. ಅಡಿಕೆಗೆ ಕೊಳೆರೋಗ ಬರುವ ಕಾಲ, ಬೆಳಗ್ಗೆ ಬೋರ್ಡೋ ದ್ರಾವಣ ಹೊಡೆಸಬೇಕು, ಮರ ಹತ್ತುವವರಿಗೆ ಹೇಳಿ ಕಳಿಸಬೇಕೋ ಬೇಡವೋ. ಬಿಳಿ ಹತ್ತುತ್ತಿದ್ದರೆ ಗಾಳಿ ಜೋರು, ಬೇಡ. ಕೆಂಪು ಬಿಟ್ಟು ಬಿಟ್ಟು ಮಿಣುಕಿ ಕತ್ತಲಾದರೆ, ಮಳೆ ಬಿಟ್ಟು ಹೊಳವಾಗಬಹುದು ಅಂತ ಲೆಕ್ಕ. ಮರುದಿನವೇ ಕೆಪಾಸಿಟರ್ ಕಿತ್ತೆ.

ಕೆಳಗಿನ ಬೇರಿಂಗ್ ಕೈಯಲ್ಲಿ ತಿರುಗಿಸಿದರೆ ಸಣ್ಣಗೆ ಕರಕರ ಅನ್ನುತ್ತಿದೆ. ರೋಹಿಣಿ ಮಳೆಗೆ ಮುಂಚೆ ಬದಲಿಸಬೇಕು, ಅಪ್ಪಯ್ಯ ಎರಡು ಸಲ ನೆನಪಿಸಿದ್ದಾರೆ.