ವಿಮ್ ಬೇಕಾ, ಈಮ್ಯಾಕ್ಸ್ ಬೇಕಾ?

ಮೌಸ್ ಮುಟ್ಟದೆ ಕೋಡ್ ಬರೆಯಬೇಕು ಅಂತಿದ್ದರೆ ಎರಡು ಹಳೆಯ ಟೆಕ್ಸ್ಟ್ ಎಡಿಟರ್‌ಗಳಿವೆ: 1985ರ ಗ್ನೂ ಈಮ್ಯಾಕ್ಸ್, 1991ರ ವಿಮ್. ಎರಡಕ್ಕೂ ದುಡ್ಡು ಕೊಡಬೇಕಿಲ್ಲ.

ದಿನಾ ಸರ್ವರ್‌ಗೆ ಲಾಗಿನ್ ಆಗಿ ಕಾನ್ಫಿಗ್ ಫೈಲ್ ತಿದ್ದುವವರಾದರೆ ಯೋಚನೆಯೇ ಬೇಡ, ವಿಮ್ ಕಲಿಯಿರಿ. ಅದು ಇಲ್ಲದ ಕಡೆಯೂ ಅದರ ಹಿರಿಯಣ್ಣ ವಿಐ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಕರ್ಸರ್ ಡಬಲ್ ಕೋಟ್‌ಗಳ ಒಳಗೆ ಎಲ್ಲೋ ಇದೆ ಅಂದುಕೊಳ್ಳಿ. ಸಿ, ಐ, ಆಮೇಲೆ ಡಬಲ್ ಕೋಟ್ ಒತ್ತಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗಿ ಹೊಸದು ಟೈಪ್ ಮಾಡೋಕೆ ಜಾಗ ರೆಡಿ. ಟೈಪ್ ಮಾಡಿ ಎಸ್ಕೇಪ್ ಒತ್ತಿ, ಇನ್ನೊಂದು ಕಡೆ ಹೋಗಿ ಚುಕ್ಕಿ ಒತ್ತಿದರೆ ಅಲ್ಲೂ ಅದೇ ಬದಲಾವಣೆ. ಶುರುವಿನಲ್ಲಿ ಮೋಡ್ ಬದಲಾಯಿಸೋದು (ಟೈಪ್ ಮಾಡೋಕೆ ಒಂದು, ಕಮಾಂಡ್ ಕೊಡೋಕೆ ನಾರ್ಮಲ್ ಅನ್ನೋ ಇನ್ನೊಂದು) ಕಿರಿಕಿರಿ, ನಿಜ.

ಈಮ್ಯಾಕ್ಸ್‌ನಲ್ಲಿ ಆ ಕಿರಿಕಿರಿ ಇಲ್ಲ, ಆದರೆ ಕಂಟ್ರೋಲ್ ಒತ್ತಿ ಒತ್ತಿ ಕಿರುಬೆರಳು ನೋಯುತ್ತದೆ (ಕ್ಯಾಪ್ಸ್ ಲಾಕನ್ನೇ ಕಂಟ್ರೋಲ್ ಮಾಡಿಕೊಳ್ಳಿ). ನೋಟ್ಸ್‌ಗೆ ಆರ್ಗ್ ಮೋಡ್, ಕೋಡ್ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ಗೆ ಮ್ಯಾಗಿಟ್, ಇವಕ್ಕೆ ಸಾಟಿ ಇಲ್ಲ.

ಕನ್ನಡವನ್ನೂ ಬರೆಯುತ್ತೀರಾ? ಸಿಸ್ಟಮ್ ಕೀಬೋರ್ಡ್ ಕನ್ನಡದಲ್ಲೇ ಉಳಿದರೆ ವಿಮ್‌ನ ನಾರ್ಮಲ್ ಮೋಡ್ ಕಮಾಂಡ್‌ಗಳು ಕೆಲಸ ಮಾಡಲ್ಲ, ಟರ್ಮಿನಲ್‌ನಲ್ಲಿ ಒತ್ತಕ್ಷರ ಒಡೆಯೋದೂ ಮಾಮೂಲು. ಈಮ್ಯಾಕ್ಸ್‌ನಲ್ಲಿ ಕನ್ನಡ ಇನ್‌ಪುಟ್ ಒಳಗೇ ಇದೆ. ಒಮ್ಮೆ ಆರಿಸಿಕೊಂಡರೆ ಕಂಟ್ರೋಲ್ ಜೊತೆ ಬ್ಯಾಕ್‌ಸ್ಲ್ಯಾಶ್ ಒತ್ತಿ ಆನ್-ಆಫ್ ಮಾಡಬಹುದು. ಕನ್ನಡ ಜಾಸ್ತಿ ಬರೆಯೋರಿಗೆ ನನ್ನ ಓಟು ಈಮ್ಯಾಕ್ಸ್‌ಗೇ. ವಿಮ್ ಕೀಗಳೂ ಬೇಕೆನಿಸಿದರೆ ಅದರಲ್ಲೇ ಈವಿಲ್ ಪ್ಯಾಕೇಜ್ ಹಾಕಿಕೊಳ್ಳಿ.