ಅಟೊಸಿಬಾನ್ ಡ್ರಿಪ್: ಎಸ್ಟಿಮೇಟಿನ ಆ ಸಾಲಿಗೆ ದುಡ್ಡು ಕೊಡಬೇಕೆ?

ತುಮಕೂರಿನವರು ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಊರಲ್ಲೇ ಮಾಡಿಸಲಿ, 70 ಕಿಲೋಮೀಟರ್ ದಾಟಿ ಬೆಂಗಳೂರಿಗೇ ಹೋಗಲಿ, ಎಸ್ಟಿಮೇಟ್ ಚೀಟಿಯಲ್ಲಿ ಅಟೊಸಿಬಾನ್ ಎಂದು ಬರೆದಿದ್ದರೆ ಯಾಕೆಂದು ಕೇಳಿಯೇ ಮುಂದುವರಿಯಿರಿ. ದಿನ ತುಂಬುವ ಮೊದಲೇ ಶುರುವಾಗುವ ಹೆರಿಗೆ ನೋವನ್ನು ತಡೆಯಲು ತಯಾರಾದ ಔಷಧಿ ಇದು. ಗರ್ಭಕೋಶವನ್ನು ಹಿಂಡುವ ಹಾರ್ಮೋನ್ ಆಕ್ಸಿಟೋಸಿನ್‌ಗೆ ಅಡ್ಡ ನಿಂತು ಗರ್ಭಕೋಶದ ಸ್ನಾಯುವನ್ನು ಸಡಿಲಿಸುತ್ತದೆ. ಭ್ರೂಣ ಇಡುವ ದಿನ ಕೊಡುವುದೂ ಅದಕ್ಕೇ.

ಬಸುರಿಲ್ಲದ ಗರ್ಭಕೋಶವೂ ಸುಮ್ಮನೆ ಕೂರುವುದಿಲ್ಲ. ಒಳಪದರಕ್ಕೆ ಅಂಟಿದ ಸ್ನಾಯು ನಿಮಿಷಕ್ಕೆ ಹಲವು ಸಲ ಅಲೆಯಂತೆ ಅಲುಗುತ್ತದೆ. ಹೆಂಗಸಿಗೆ ಅದು ಗೊತ್ತೇ ಆಗುವುದಿಲ್ಲ. ಸ್ಕ್ಯಾನ್ ವಿಡಿಯೋವನ್ನು ವೇಗವಾಗಿ ಓಡಿಸಿ ಎಣಿಸಬೇಕು. ಈ ಎಣಿಕೆ ಏರಿದಷ್ಟೂ ಗರ್ಭ ನಿಲ್ಲುವುದು ಕಡಿಮೆಯಾಗುತ್ತದೆಂದು ಫ್ರಾನ್ಸಿನ ವೈದ್ಯರು 1998ರಲ್ಲೇ ತೋರಿಸಿದ್ದರು. ಹಾಗಾದರೆ ಈ ಸೆಳೆತ ನಿಲ್ಲಿಸಿದರೆ ಸಾಕಲ್ಲ? ಲೆಕ್ಕ ಅಷ್ಟು ಸಲೀಸಲ್ಲ. ಹಾಂಗ್‌ಕಾಂಗ್, ಚೀನಾ, ವಿಯೆಟ್ನಾಂನ 800 ಮಹಿಳೆಯರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಟೊಸಿಬಾನ್ ಪಡೆದವರಲ್ಲಿ ಶೇ. 39.8, ಬರೀ ಸಲೈನ್ ಪಡೆದವರಲ್ಲಿ ಶೇ. 38 ಮಂದಿಗೆ ಮಗು ಹುಟ್ಟಿತು. ಅದು ಲೆಕ್ಕಕ್ಕೆ ಬರುವ ವ್ಯತ್ಯಾಸವಲ್ಲ. ಹಾಗಾಗಿ ಎಲ್ಲರಿಗೂ ಕಣ್ಣುಮುಚ್ಚಿ ಹಾಕುವ ಡ್ರಿಪ್‌ಗೆ ನಮ್ಮ ಅಂಕ 5ಕ್ಕೆ 2. ಒಳ್ಳೆಯ ಭ್ರೂಣ ಇಟ್ಟರೂ ಮೂರು ಸಲ ವಿಫಲವಾಗಿ, ಸ್ಕ್ಯಾನಿನಲ್ಲಿ ಸೆಳೆತ ಎದ್ದು ಕಂಡವರಿಗೆ ವೈದ್ಯರು ಸೂಚಿಸಿದರೆ ಅದು ಬೇರೆ ಮಾತು. ಅಲ್ಲೂ ಪುರಾವೆ ತೆಳುವೇ.

ತೆಗೆದುಕೊಳ್ಳುವುದೇ ಆದರೆ ಬಿಲ್ ನೋಡಿ. 0.9 ಮಿ.ಲೀ. ವಯಲ್‌ನಲ್ಲಿ (ಪುಟ್ಟ ಔಷಧಿ ಬಾಟಲಿಯಲ್ಲಿ) 6.75 ಮಿ.ಗ್ರಾಂ ಇರುತ್ತದೆ, ಅದು ಮೊದಲು ನಿಧಾನವಾಗಿ ನರಕ್ಕೆ ಕೊಡುವ ಡೋಸ್. 5 ಮಿ.ಲೀ. ವಯಲ್‌ನಲ್ಲಿ 37.5 ಮಿ.ಗ್ರಾಂ, ಇದನ್ನು ಸಲೈನ್‌ಗೆ ಬೆರೆಸಿ ಡ್ರಿಪ್ ಹಾಕುತ್ತಾರೆ. ಎರಡೂ 2ರಿಂದ 8 ಡಿಗ್ರಿಯಲ್ಲಿರಬೇಕು. ಮೆಡಿಕಲ್ ಶಾಪಿನಿಂದ ನೀವೇ ಒಯ್ಯುವುದಾದರೆ ಐಸ್ ಪ್ಯಾಕ್ ಬೇಕು, ಆದರೆ ವಯಲ್ ನೇರ ಐಸಿಗೆ ತಾಗಿ ಹೆಪ್ಪುಗಟ್ಟಬಾರದು.

ಆ ದುಡ್ಡಿಗಿಂತ ಮುಖ್ಯವಾದದ್ದು ಟ್ರಾನ್ಸ್‌ಫರ್ ಮಾಡುವ, ಅಂದರೆ ಭ್ರೂಣ ಇಡುವ ಕೈ. ಭ್ರೂಣ ಒಯ್ಯುವ ತೆಳು ಕೊಳವೆ, ಅಂದರೆ ಕ್ಯಾತಿಟರ್‌ನ ತುದಿ ಗರ್ಭಕೋಶದ ಮೇಲ್ಗೋಡೆಗೆ ತಗುಲಿದರೆ ಸೆಳೆತ ಅಲ್ಲೇ ಶುರು. ಗರ್ಭಕೋಶದ ಕೊರಳನ್ನು ಇಕ್ಕಳದಿಂದ ಹಿಡಿದೆಳೆದರೂ ಅಷ್ಟೆ. ಮೆತ್ತನೆಯ ಕ್ಯಾತಿಟರ್ ಬಳಸುತ್ತಾರಾ, ಕೊರಳಿನ ಲೋಳೆ ಒರೆಸುತ್ತಾರಾ, ಹೊಟ್ಟೆಯ ಮೇಲೆ ಸ್ಕ್ಯಾನ್ ಇಟ್ಟು ನೋಡುತ್ತಲೇ ಇಡುತ್ತಾರಾ, ಮೇಲ್ಗೋಡೆಯಿಂದ 1 ಸೆಂ.ಮೀ.ಗಿಂತ ಹೆಚ್ಚು ದೂರ, ಕೆಳಗೇ ಬಿಡುತ್ತಾರಾ, ಕೇಳಿ. ಸರಿಯಾಗಿ ಬಿಟ್ಟಾಗ ಪರದೆಯ ಮೇಲೆ ಸಾಸಿವೆಯಷ್ಟು ಬಿಳಿ ಚುಕ್ಕೆ ಹೊಳೆಯುತ್ತದೆ: ಭ್ರೂಣದ ಜೊತೆ ಹೋದ ಗಾಳಿಗುಳ್ಳೆ ಅದು. ಆಮೇಲೆ ಕ್ಯಾತಿಟರ್ ಲ್ಯಾಬಿಗೆ ಹೋಗಿ, ಭ್ರೂಣ ಅದರಲ್ಲೇ ಉಳಿದಿಲ್ಲವೆಂದು ಮೈಕ್ರೋಸ್ಕೋಪಿನಲ್ಲಿ ನೋಡಿಕೊಳ್ಳಬೇಕು. ಗರ್ಭಕೋಶವನ್ನು ಶಾಂತವಾಗಿಡುವ ಮುಖ್ಯ ಔಷಧಿ ಪ್ರೊಜೆಸ್ಟರಾನ್. ಅದರ ಒಂದು ಡೋಸ್ ಕೂಡ ತಪ್ಪಿಸಬೇಡಿ.

ಸ್ಕ್ಯಾನಿಗೆ ಮೂತ್ರಕೋಶ ತುಂಬಿರಲಿ ಎನ್ನುತ್ತಾರೆಂದು ಶಿರಾದಿಂದ ಹೊರಡುವಾಗಲೇ ಎರಡು ಲೀಟರ್ ನೀರು ಕುಡಿಯಬೇಡಿ, ಆಸ್ಪತ್ರೆ ತಲುಪಿದ ಮೇಲೆ ಕುಡಿದರಾಯಿತು. ವಾಪಸ್ ಬಸ್ಸಿನ ಕುಲುಕಾಟಕ್ಕೆ ಭ್ರೂಣ ಜಾರಿ ಬೀಳುವುದಿಲ್ಲ. ವಾರಗಟ್ಟಲೆ ಕಾಲಡಿ ದಿಂಬಿಟ್ಟು ಮಲಗಬೇಕಾಗಿಯೂ ಇಲ್ಲ, ಅತ್ತೆಯವರು ಏನೇ ಹೇಳಲಿ.